ಬೆಟ್ಟದ ಕೆಳಗಿನ ಚಂದ್ರ

ಅಮೆರಿಕದ ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿ ಆಂಟಿಯ ಶ್ರದ್ಧಾಂಜಲಿ ಸಭೆ ನಡೆದ ದಿನ ಐದಾರು ಜನ ಮೈಕು ಹಿಡಿದು ಮಾತಾಡಿದರು. ಒಬ್ಬರು ಅವರನ್ನು ಜಪಾನೀ ಕಲಾಕೃತಿಗಳ ಮಹಾ ಸಂಗ್ರಾಹಕಿ ಎಂದರು. ಇನ್ನೊಬ್ಬರು ಅವರ ಮನೆಯೇ ಒಂದು ಮ್ಯೂಸಿಯಂ ಎಂದರು. ಮತ್ತೊಬ್ಬರು, ಜಪಾನಿ ಭಾಷೆ ಅವರಿಗೆ ನೀರು ಕುಡಿದಷ್ಟು ಸಲೀಸಾಗಿತ್ತು ಎಂದು ಹೇಳಿ ಕಣ್ಣೊರೆಸಿಕೊಂಡರು. ನಾನು ಹಿಂದಿನ ಸಾಲಿನಲ್ಲಿ ಕೂತು ತುಟಿ ಕಚ್ಚಿಕೊಂಡಿದ್ದೆ. ಆ ಮನೆಯಲ್ಲಿ ಜಪಾನಿನದು ಅಂತ ಒಂದು ಚಮಚವೂ ಇರಲಿಲ್ಲ. ಜಪಾನಿ ಭಾಷೆಯಲ್ಲಿ ಆಂಟಿಗೆ ಕುಡಿಯಲು ನೀರು ಕೇಳುವುದಕ್ಕೂ ಬರುತ್ತಿರಲಿಲ್ಲ. ಮೈಕು ನನ್ನ ತನಕ ಬರಲಿಲ್ಲ, ಕೊಡಿ ಅಂತ ಕೇಳುವ ಜಾಯಮಾನ ನನ್ನದಲ್ಲ. ಬಂದಿದ್ದರೆ ಏನು ಹೇಳುತ್ತಿದ್ದೆನೋ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಮನೆಯಲ್ಲಿದ್ದದ್ದು ಪುಸ್ತಕಗಳು. ಕಥೆ ಕಾದಂಬರಿಯಲ್ಲ, ಆಕರ ಗ್ರಂಥಗಳು. ಜಪಾನಿನ ಕಲಾವಿದರಲ್ಲಿ ಯಾರು ಯಾವ ಊರಿನವರು, ಯಾರ ಶಿಷ್ಯರು, ಸಹಿ ಹೇಗೆ ಹಾಕುತ್ತಿದ್ದರು, ಮುದ್ರೆ ಹೇಗಿತ್ತು ಎಂದು ಇಂಗ್ಲಿಷಿನಲ್ಲಿ ಹೇಳುವ ದಪ್ಪ ದಪ್ಪ ಪುಸ್ತಕಗಳು. ಚಿತ್ರ ಬರೆಯುವವರದು ಒಂದು, ಕತ್ತಿ ಬಡಿಯುವವರದು ಇನ್ನೊಂದು, ಕತ್ತಿಯ ಹಿಡಿಗೆ ಬಿಲ್ಲೆ ಹಾಕುವವರದು ಮಗದೊಂದು. ಮಡಕೆಯವರು, ಅರಗಿನ ಕೆಲಸದವರು, ಬುಟ್ಟಿ ಹೆಣೆಯುವವರು, ಗೊಂಬೆಯವರು, ಬೀಸಣಿಗೆಯವರು. ಸೊಂಟದ ಚೀಲ ಜಾರದ ಹಾಗೆ ಸಿಕ್ಕಿಸುವ ನೆಲ್ಲಿಕಾಯಿ ಗಾತ್ರದ ಗುಂಡಿಯೊಂದಿರುತ್ತದಂತೆ, ಅದನ್ನು ಕೆತ್ತುವವರದೇ ಎರಡು ಸಂಪುಟ. ಇಷ್ಟೆಲ್ಲ ಪುಸ್ತಕ ಇಟ್ಟುಕೊಂಡು, ಅದರಲ್ಲಿರುವ ಒಂದು ಸಾಮಾನನ್ನೂ ಆಂಟಿ ಕೊಂಡಿರಲಿಲ್ಲ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಂಡ್ಯದಲ್ಲಿ ಮರಗೆಲಸ ಕಲಿತೆ, ನರ್ಸ್ ಆಗಿದ್ದ ಹೆಂಡತಿಗೆ ಇಲ್ಲಿ ಕೆಲಸ ಸಿಕ್ಕಿದಾಗ ಅವಳ ಹಿಂದೆ ಬಂದೆ. ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ನಮ್ಮ ಮನೆ. ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ಮೂರೂ ಕಡೆ ನಮ್ಮ ಜನರ ಮನೆಗಳಿಗೆ ಕಿಚನ್ ಕ್ಯಾಬಿನೆಟ್ಟು, ದೇವರ ಮನೆ ಬಾಗಿಲು ಮಾಡಿಕೊಡುತ್ತೇನೆ. ನಾನು ಕೂರಿಸಿದ ಬಾಗಿಲು ಕಿರುಗುಟ್ಟಿದ್ದನ್ನು ಟೆಕ್ಸಾಸಿನಲ್ಲಿ ಇವತ್ತಿನ ತನಕ ಯಾರೂ ಕೇಳಿಲ್ಲ. ಇದು ಜಂಬವಲ್ಲ, ಹೋಗಿ ತೆಗೆದು ಮುಚ್ಚಿ ನೋಡಬಹುದು.

ಆಂಟಿ ಪುಸ್ತಕದ ಶೆಲ್ಫ್ ಬೇಕೆಂದು ಕರೆದಿದ್ದರು. ಧಾರವಾಡದವರು, ರಿಟೈರ್ ಆದ ಡಾಕ್ಟರು. ರೋಗಿಗಳನ್ನು ನೋಡುವ ಡಾಕ್ಟರಲ್ಲ. ಸೂಕ್ಷ್ಮದರ್ಶಕದಲ್ಲಿ ಚೂರು ಮಾಂಸ ನೋಡಿ ಇದು ಇಂಥ ರೋಗ ಎಂದು ಹೆಸರು ಹೇಳುವವರು. ಗಂಡ ತೀರಿಕೊಂಡ ಮೇಲೆ ಹ್ಯೂಸ್ಟನ್ ಬಿಟ್ಟು, ಅಣ್ಣನ ಮಗ ಇರುವ ಕಾಪೆಲ್‌ಗೆ ಬಂದಿದ್ದರು. ಬಾಗಿಲು ತೆಗೆದವರ ಕೊರಳಲ್ಲಿ ಎರಡು ದಾರ, ಒಂದರಲ್ಲಿ ಕನ್ನಡಕ, ಇನ್ನೊಂದರಲ್ಲಿ ಭೂತಗನ್ನಡಿ.

"ಬರ್ರಿ ಬಡಿಗೇರ್ರ, ಒಳಗ ಬರ್ರಿ."

"ಮೇಡಂ, ನಾನು ಕ್ಯಾಬಿನೆಟ್ ಕಾಂಟ್ರ್ಯಾಕ್ಟರ್."

"ಹೌದೇನ್ರಿ? ಛಲೋ ಆತು. ಕೂಡ್ರಿ ಬಡಿಗೇರ್ರ, ಚಹಾ ತಗೋರಿ."

ಕೊನೆಯವರೆಗೂ ನಾನು ಬಡಿಗೇರ್ರೇ ಆಗಿದ್ದೆ. ಧಾರವಾಡದ ಕಡೆ ಅದು ಮರ್ಯಾದೆಯ ಮಾತು ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಸಿಟ್ಟು ಮಾಡಿಕೊಳ್ಳುವ ಕಾಲ ಮೀರಿಹೋಗಿತ್ತು.

ಶೆಲ್ಫ್ ಎಷ್ಟು ಭಾರ ತಡೆಯಬೇಕು ಎಂದು ಕೇಳಿದೆ. ಅವರು ಒಂದು ಸಂಪುಟ ತಂದು ನನ್ನ ಕೈಗಿಟ್ಟರು. ಗ್ರಾನೈಟ್ ಹೊತ್ತ ಕೈ ನನ್ನದು, ಆದರೂ ಮೊಣಕೈ ಬಾಗಿತು. "ಇಂಥಾವು ಒಂದು ಗ್ವಾಡಿ ತುಂಬ ಅವ," ಎಂದರು. ಗೋಡೆಯೊಳಗಿನ ಮರದ ಕಂಬ ಹುಡುಕಿ ಹುಡುಕಿ ಮೊಳೆ ಹೊಡೆದೆ. ಆ ಶೆಲ್ಫ್ ಕೂದಲೆಳೆಯಷ್ಟೂ ಬಾಗಲಿಲ್ಲ. ಪುಸ್ತಕಗಳನ್ನು ಅವರೇ ಜೋಡಿಸಿದರು, ಕೈ ತೊಳೆದು, ಚಪ್ಪಲಿ ಬಿಟ್ಟು, ಒಂದೊಂದನ್ನೂ ಬಾಣಂತಿ ಮನೆಯ ಕೂಸಿನ ಹಾಗೆ ಎರಡು ಕೈಯಲ್ಲಿ ಎತ್ತಿ.

ಇದೆಲ್ಲ ಯಾಕೆ ಎಂದು ಕೇಳದೆ ಇರಲಾಗಲಿಲ್ಲ. ಹ್ಯೂಸ್ಟನ್‌ನಲ್ಲಿದ್ದಾಗ ಕಿಟಕಿಯ ಏಸಿ ಒಂದು ಕಡೆ ಇಳಿದಿತ್ತಂತೆ. ಅದರ ಅಡಿಗೆ ಕೊಡಲು ಹಳೇ ಪುಸ್ತಕದಂಗಡಿಗೆ ಹೋಗಿ ಇರುವುದರಲ್ಲೇ ದಪ್ಪನೆಯದನ್ನು ಆರಿಸಿ ತಂದರಂತೆ. ಮನೆಗೆ ಬಂದು ಸುಮ್ಮನೆ ತೆರೆದು ನೋಡಿದರೆ ಹೆಸರುಗಳು.

"ಯಾವನೋ ಬುಟ್ಟಿ ಹೆಣಿಯೋನ್ರಿ. ಅವನ ಊರು, ಅವಗ ಕಲಿಸಿದಾವ, ಅವನ ಸಹಿ, ಎಲ್ಲಾ ಬರದಾರ. ನಮ್ಮ ಕಡೆ ಇಳಕಲ್ ಸೀರಿ ನೇಯ್ತಾರಲಾ, ನಮ್ಮವ್ವನ ಮದವಿ ಸೀರಿ ನೇಯ್ದಾವ ಯಾರು? ಯಾವ ಪುಸ್ತಕದಾಗ ಅದ ಅವನ ಹೆಸರು? ಇಲ್ಲಿ ನೋಡಿದ್ರ ಬುಟ್ಟಿಯವಗ ಒಂದ್ ಪುಟ!"

"ಮತ್ತೆ ಏಸಿ?"

"ಅದು ಸೊಟ್ಟಽ ಉಳೀತು."

ಹೀಗೆ ಜಪಾನ್ ಆಂಟಿ ಎಂಬ ಹೆಸರು ಹುಟ್ಟಿತು. ಡಲ್ಲಾಸ್ ಸುತ್ತಿನ ನಮ್ಮವರ ಮನೆಗಳಲ್ಲಿ ಜಪಾನಿನದು ಎನ್ನುವ ಸಾಮಾನು ಯಾವುದಿದ್ದರೂ ಶನಿವಾರ ಮಧ್ಯಾಹ್ನ ಅವರ ಮನೆಗೆ ಬರುತ್ತಿತ್ತು. ನಾನು ಆ ಕಡೆ ಕೆಲಸಕ್ಕೆ ಹೋದಾಗೆಲ್ಲ ಚಹಾಕ್ಕೆ ಹೋಗುತ್ತಿದ್ದೆನಾದ್ದರಿಂದ ಈ ಪರೀಕ್ಷೆಗಳನ್ನು ಕಣ್ಣಾರೆ ನೋಡಿದ್ದೇನೆ. ಫ್ರಿಸ್ಕೋದಿಂದ ಒಂದು ಜೋಡಿ ಬಂದಿತ್ತು. ಗಂಡನಿಗೆ ಆಫೀಸಿನಲ್ಲಿ ಯಾರೋ ದೊಡ್ಡವರು ಉಡುಗೊರೆ ಕೊಟ್ಟ ಗೋಡೆ ಚಿತ್ರ, ಕೊಕ್ಕರೆಯದು, ಸುರುಳಿ ಸುತ್ತಿದ್ದು. ಆಂಟಿ ಕೈ ತೊಳೆದು ಬಂದರು. ಒಂದು ಸಂಪುಟ ತೆಗೆದರು, ಇನ್ನೊಂದು ತೆಗೆದರು. ನಾಲ್ಕು ಸಲ ಚುರುಮುರಿ ಬಂತು, ಎರಡು ಸಲ ಚಹಾ ಬಂತು. ಹೆಂಡತಿ ಸೋಫಾದ ಅಂಚಿಗೆ ಸರಿದು ಕೂತಿದ್ದರು.

"ಆಂಟಿ, ಆಂಟಿಕ್ ಅಲ್ವಾ? ಇನ್ಶೂರೆನ್ಸ್ ಮಾಡಿಸಬೇಕಾ ಅಂತ ಇವರು ಕೇಳ್ತಿದ್ರು."

ಆಂಟಿ ಭೂತಗನ್ನಡಿ ಕೆಳಗಿಟ್ಟರು. "ಕ್ಯಾಲೆಂಡರ್."

"ಏನು?"

"ಕೆಳಗ ತಾರೀಖಿನ ಭಾಗ ಕತ್ತರಿಸ್ಯಾರ. ಇದು ಚಿತ್ರಗಾರನ ಸಹಿ ಅಲ್ಲ, ಹೋಟೆಲಿನ ಹೆಸರು; ಬಾಜೂಕ ಸಣ್ಣ ಇಂಗ್ಲಿಷಿನಾಗೂ ಬರದಾರ. ಚುರುಮುರಿ ಇನ್ನೊಂದೀಟು ಹಾಕ್ಲೇನು?"

ಆ ಮನೆಯವರು ಆ ವರ್ಷ ಆಂಟಿಯನ್ನು ವರಮಹಾಲಕ್ಷ್ಮಿಗೆ ಕರೆಯಲಿಲ್ಲ. ಹೀಗೆ ಒಂದೊಂದಾಗಿ ಮನೆಗಳು ಕಡಿಮೆಯಾದವು. ಅಣ್ಣನ ಮಗ ಬೇಡಿಕೊಳ್ಳುತ್ತಿದ್ದ: "ಅತ್ಯಾ, 'ಇರಬಹುದು' ಅಂತ ಒಂದು ಮಾತು ಅಂದ್ರ ಏನಾಗ್ತದ?" ಆಂಟಿ ಒಪ್ಪುತ್ತಿರಲಿಲ್ಲ. "ಕ್ಯಾನ್ಸರ್ ಇರಬಹುದು, ಇಲ್ದನೂ ಇರಬಹುದು ಅಂತ ನಾ ರಿಪೋರ್ಟ್ ಬರದೀನೇನು? ಅವರಿಗೆ ಅದು ಆಂಟಿಕ್ ಆಗಬೇಕಾಗಿತ್ತು, ಅದಕ್ಕಽ ತಾರೀಖು ಕತ್ತರಿಸಿದ್ದೂ ಕಾಣಲಿಲ್ಲ. ಬೇಕು ಬೇಕು ಅನ್ನೋ ಕಣ್ಣಿಗೆ ಸ್ಲೈಡ್ ತೋರಸಬಾರದು." ಈ ಕೊನೆಯ ಮಾತು ಅವರ ಬಾಯಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ಓದುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಆದರೆ ಆಂಟಿಗೂ ಒಂದು ಬೇಕು ಇತ್ತು. ಒಮ್ಮೆ ಯಾರದೋ ಹೂದಾನಿಯನ್ನು ಚೀನಾದ ಪ್ಲಾಸ್ಟಿಕ್ ಎಂದು ಹೇಳಿ ಕಳಿಸಿದ ಮೇಲೆ, ಖಾಲಿ ಟೇಬಲ್ ಒರೆಸುತ್ತಾ ಹೇಳಿದರು:

"ಒಂದಽ ಒಂದು ಖರೇ ಸಾಮಾನು ಈ ಬಾಗಲಾ ದಾಟಿ ಬರಬೇಕ್ರಿ ಬಡಿಗೇರ್ರ. ನಾ ಪುಸ್ತಕ ತಗದು, ಬೆರಳಿಟ್ಟು, 'ನಿನ್ನ ಮಾಡಿದಾವ ಇವ ನೋಡು' ಅಂತ ಆ ಸಾಮಾನಿಗೆ ತೋರಸಬೇಕು. ಒಂದು ಹೆಸರು ಸಾಕು. ಇಲ್ಲಂದ್ರ ಇಷ್ಟೆಲ್ಲಾ ಪುಸ್ತಕ ಇಟಗೊಂಡು ಏನು, ಊಟ ಇಲ್ಲದ ಮೆನು ಕಾರ್ಡ್ ಓದಿದಂಗ ಆತು."

ಮುಂದಿನ ಸಲ ಹೋದದ್ದು ಶೆಲ್ಫಿಗೆ ಇನ್ನೊಂದು ಹಲಗೆ ಸೇರಿಸಲು. ವಾರ್ನಿಷ್ ಡಬ್ಬದ ಮುಚ್ಚಳ ಕಚ್ಚಿಕೊಂಡಿತ್ತು. ಉಳಿ ತೆಗೆದು ಮುಚ್ಚಳದ ಅಂಚಿಗೆ ಕೊಟ್ಟು ಮೀಟಿದೆ. ಹಿಂದಿನಿಂದ ಚೀರಾಟ ಕೇಳಿತು.

"ಅಯ್ಯಯ್ಯ! ಏನ್ ಮಾಡಲಿಕ್ಕತ್ತೀರಿ? ಇಡ್ರಿ ಕೆಳಗ!"

"ಡಬ್ಬ ತೆಗೀತಿದೀನಿ ಆಂಟಿ."

"ಡಬ್ಬಿ ಸುಡಗಾಡಿಗೆ ಹೋಗ್ಲಿ. ಆ ಉಳಿ ಎಲ್ಲೀದು?"

ಹ್ಯೂಸ್ಟನ್‌ನಲ್ಲಿ ಕಸುಬು ಬಿಡುತ್ತಿದ್ದ ಒಬ್ಬ ಮುದುಕ ಬಡಗಿ ತನ್ನ ಗ್ಯಾರೇಜಿನಲ್ಲಿ ಹತಾರಗಳನ್ನು ಮಾರಲು ಇಟ್ಟಿದ್ದಾಗ ಕೊಂಡದ್ದು. ಜಪಾನಿನ ಉಳಿ ಎಂದು ಅವನು ಹೇಳಿದ್ದ. ನನಗೆ ಅದು ಒಳ್ಳೆಯ ಉಳಿ, ಅಷ್ಟೆ. ಸಾಣೆ ಕೊಟ್ಟರೆ ವಾರಗಟ್ಟಲೆ ಹರಿತ ಇರುತ್ತಿತ್ತು, ಡಬ್ಬದ ಮುಚ್ಚಳವೂ ಚೆನ್ನಾಗಿ ಬರುತ್ತಿತ್ತು. ಆಂಟಿ ಅದನ್ನು ಟವೆಲ್ಲಿನ ಮೇಲೆ ಮಲಗಿಸಿ ಭೂತಗನ್ನಡಿ ಹಿಡಿದರು. ಹಿಡಿಯ ಹತ್ತಿರ ಅಲಗಿನ ಮೇಲೆ ಒಂದು ಗುರುತು ಒತ್ತಿದ್ದರು. ಬೆಟ್ಟದ ಆಕಾರದ ಎರಡು ಗೆರೆ, ಅದರ ಕೆಳಗೆ ಕಪ್ಪುಗೆಂಪಿನ ಒಂದು ದುಂಡನೆಯ ಬೊಟ್ಟು.

"ಬೆಟ್ಟ. ಬೆಟ್ಟದ ಕೆಳಗ ಚಂದ್ರ. ಅರಗು ತುಂಬಿ ಮಾಡ್ಯಾನ್ರಿ ಚಂದ್ರನ್ನ! ಇಂಥಾ ಗುರುತು ನಾ ಎಲ್ಲೂ ನೋಡಿಲ್ಲ." ಉಳಿಯನ್ನು ನನ್ನ ಕೈಗೆಟುಕದ ಕಡೆ ಸರಿಸಿದರು. "ಇದನ್ನ ತೊಳೀಬ್ಯಾಡ್ರಿ. ಒರಸಬ್ಯಾಡ್ರಿ. ತಿಕ್ಕೋದಂತೂ ಇಲ್ಲಽ ಇಲ್ಲ. ಸಾಕ್ಷಿ ಹೋಗ್ತದ."

"ಆಂಟಿ, ನಾಳೆ ನನಗೆ ಇದರಲ್ಲಿ ಕೆಲಸ ಇದೆ."

"ಕೆಲಸ ಮಾಡ್ರಿ. ಚಂದ್ರನ್ನ ಮುಟ್ಟಬ್ಯಾಡ್ರಿ."

ಅಲ್ಲಿಂದ ಶುರುವಾಯಿತು. ಕತ್ತಿಯವರ ಪುಸ್ತಕದಲ್ಲಿ ಚಂದ್ರನಿಲ್ಲ. ಬಿಲ್ಲೆಯವರಲ್ಲಿ ಬೆಟ್ಟವಿದೆ, ಚಂದ್ರ ಮೇಲಿದ್ದಾನೆ. ಮಡಕೆಯವರಲ್ಲಿ ಚಂದ್ರನಿದ್ದಾನೆ, ಬೆಟ್ಟದ ಬದಲು ಮೊಲ. ಇಂಟರ್ನೆಟ್ಟಿನಲ್ಲಿ ಕೇಳಿದರೆ ಅದು ಮೂರು ಉಳಿ ಕೊಂಡರೆ ಒಂದು ಸುತ್ತಿಗೆ ಉಚಿತ ಎಂದಿತು. ಉಳಿ ನನ್ನ ಜೊತೆ ಕೆಲಸಕ್ಕೆ ಹೋಗುತ್ತಿದ್ದುದರಿಂದ ಆಂಟಿಯೂ ಬರತೊಡಗಿದರು. ಫ್ರಿಸ್ಕೋದ ಹೊಸ ಮನೆಯೊಂದಕ್ಕೆ ದೇವರ ಮನೆಯ ಚೌಕಟ್ಟು ಕೂರಿಸುತ್ತಿದ್ದಾಗ ಹಳೇ ಕಾರು ಓಡಿಸಿಕೊಂಡು ಬಂದು, ಪೇಂಟ್ ಬಕೆಟ್ ಬೋರಲು ಹಾಕಿ ಕೂತು, ನಾನು ಉಳಿ ಕೆಳಗಿಟ್ಟಾಗೆಲ್ಲ ಬಗ್ಗಿ ಭೂತಗನ್ನಡಿಯಲ್ಲಿ ನೋಡುವರು. ಮನೆಯ ಯಜಮಾನ ಹುಡುಗ ಮೈಸೂರಿನವನು. ನನ್ನನ್ನು ಪಕ್ಕಕ್ಕೆ ಕರೆದ.

"ಅಂಕಲ್, ಸಿಟಿಯಿಂದ ಇನ್ಸ್‌ಪೆಕ್ಷನ್‌ಗೆ ಬಂದಿದಾರಾ? ಜ್ಯೂಸ್ ಕೊಡ್ಲಾ?"

"ಕೊಡಪ್ಪಾ," ಎಂದೆ.

ಜ್ಯೂಸ್ ಕುಡಿದು ಆಂಟಿ ಆ ಚೌಕಟ್ಟನ್ನೂ ಒಮ್ಮೆ ಭೂತಗನ್ನಡಿಯಲ್ಲಿ ನೋಡಿ, "ಭಾಳ ಛಲೋ ಆಗ್ಯದ," ಎಂದರು. ಹುಡುಗ ಕೈ ಮುಗಿದ.

ಕೊನೆಗೊಂದು ದಿನ ನಾನು ಕಾಪೆಲ್ ಮನೆಗೆ ಹೋದಾಗ ಶೆಲ್ಫಿನ ಪುಸ್ತಕಗಳೆಲ್ಲ ಬೆನ್ನು ತಿರುಗಿಸಿ ನಿಂತಿದ್ದವು. ಹೆಸರು ಗೋಡೆಯ ಕಡೆ, ಬರೀ ಹಾಳೆಯ ಅಂಚು ನಮ್ಮ ಕಡೆ.

"ಏನಾಯ್ತು ಆಂಟಿ?"

"ಶಿಕ್ಷಾ ಕೊಟ್ಟೀನಿ. ಗ್ವಾಡಿ ನೋಡಕೋತ ನಿಂದರಲಿ." ಅವರ ಮುಖ ಕೆಂಪಾಗಿತ್ತು. "ಗುಂಡಿ ಕೆತ್ತಿದಾವನ ಹೆಸರದ, ಗೊಂಬಿ ಕೆತ್ತಿದಾವನ ಹೆಸರದ. ಅವ ಯಾತರಿಂದ ಕೆತ್ತಿದಾ? ಹಲ್ಲಿನಿಂದ ಕೆತ್ತಿದಾ? ಉಳಿ ಮಾಡಿದಾವನ ಹೆಸರು ಒಬ್ಬನೂ ಬರದಿಲ್ಲ ನೋಡ್ರಿ. ನಮ್ಮವ್ವನ ಸೀರಿ ಕಥೀನಽ ಆತಿದು!"

ಒಂದು ವಾರ ಪುಸ್ತಕಗಳು ಹಾಗೇ ನಿಂತಿದ್ದವಂತೆ. ಆಮೇಲೆ ಒಬ್ಬೊಬ್ಬರಿಗೇ ಕ್ಷಮೆ ಸಿಕ್ಕಿತು. ಬುಟ್ಟಿಯವನಿಗೆ ಮೊದಲು.

ಆ ವರ್ಷದ ಆಯುಧಪೂಜೆಗೆ ಆಂಟಿಯನ್ನು ಫ್ಲೂಗರ್‌ವಿಲ್‌ಗೆ ಕರೆದೆವು. ಗ್ಯಾರೇಜಿನಲ್ಲಿ ಉಳಿಯೊಂದನ್ನು ಬಿಟ್ಟು ಉಳಿದ ಹತಾರ ತೊಳೆದು ಎಲ್ಲವನ್ನೂ ಸಾಲಾಗಿ ಇಟ್ಟಿದ್ದೆ. ನನ್ನ ಹೆಂಡತಿ ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಗರಗಸಕ್ಕೆ, ಸುತ್ತಿಗೆಗೆ, ಡ್ರಿಲ್ಲಿಗೆ, ಪಿಕಪ್ ಟ್ರಕ್ಕಿನ ಬಾನೆಟ್ಟಿಗೆ ಬೊಟ್ಟು ಇಡುತ್ತಾ ಬಂದಳು. ಉಳಿಯ ಸರದಿ ಬಂದಾಗ ಆಂಟಿ ಕೈ ಅಡ್ಡ ಹಿಡಿದರು.

"ಇದಕ್ಕ ಬ್ಯಾಡವಾ. ಇದು ಇನ್ನೂ ತನಿಖೆಯಾಗ ಅದ."

"ಸರಿ ಆಂಟಿ," ಎಂದು ಅವಳು ಉಳಿಯನ್ನು ಬಿಟ್ಟು ಉಜ್ಜುಗೊರಡಿಗೆ ಹೋದಳು. ಮೂವರೂ ಕೂತು ಹೆಸರುಬೇಳೆ ಪಾಯಸ ತಿಂದೆವು. ಓದುವವರಿಗೆ ಈಗಾಗಲೇ ಹೊಳೆದಿರಬಹುದು. ನಮಗೆ ಹೊಳೆಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಹ್ಯೂಸ್ಟನ್ ಸಂತೆಯಲ್ಲಿ ಚಾಕು ಸಾಣೆ ಹಿಡಿಯುವ ಒಬ್ಬ ಜಪಾನೀ ಮುದುಕರಿದ್ದಾರೆ, ಅವರ ಅಪ್ಪ ಕಮ್ಮಾರರಂತೆ ಎಂದು ಯಾರೋ ಹೇಳಿದರು. ಆಂಟಿ ನನ್ನ ಟ್ರಕ್ಕಿನಲ್ಲಿ ಬಂದರು. ದಾರಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಮಡಿಲಲ್ಲಿ ಎರಡು ಸಂಪುಟ. ದಾರಿಯುದ್ದಕ್ಕೂ ಆ ಕಮ್ಮಾರನ ಬಗ್ಗೆಯೇ ಮಾತು. ಅವನು ಬೆಟ್ಟದ ಪೂರ್ವಕ್ಕೆ ಇದ್ದವನು, ಚಂದ್ರ ಕಂತುವ ಹೊತ್ತಿಗೆ ಎದ್ದು ಕುಲುಮೆ ಹೊತ್ತಿಸುವವನು, ಹಾಗಾಗಿಯೇ ಚಂದ್ರ ಬೆಟ್ಟದ ಕೆಳಗೆ. ಅವನಿಗೆ ಹೆಂಡತಿ ಬುತ್ತಿ ತರುತ್ತಿದ್ದಳು ಎಂಬಲ್ಲಿಗೆ ಬಂದಾಗ ನನಗೂ ಹಸಿವಾಯಿತು.

ಸಾಣೆಯ ಮುದುಕರು ಸಣ್ಣ ಮೈಕಟ್ಟಿನವರು, ಮಾತು ಕಡಿಮೆ. ಉಳಿಯನ್ನು ಎರಡು ಕೈಯಲ್ಲಿ ಇಸಿದುಕೊಂಡು ತಲೆ ಬಾಗಿಸಿದರು. ಅಲಗು ನೋಡಿದರು, ಬೆನ್ನು ನೋಡಿದರು, ಡಬ್ಬದ ಮುಚ್ಚಳ ಮಾಡಿದ ಗಾಯ ನೋಡಿ ನನ್ನನ್ನೂ ಒಮ್ಮೆ ನೋಡಿದರು. ಗುರುತು ನೋಡಿ ಹುಬ್ಬು ಗಂಟಿಕ್ಕಿದರು. ಆಂಟಿ ಉಸಿರು ಹಿಡಿದು ನಿಂತಿದ್ದರು. ಮುದುಕರು ಒಂದು ಬಟ್ಟೆಗೆ ಏನೋ ಎಣ್ಣೆ ಹಾಕಿ, ನಾವು ಬಾಯಿ ತೆರೆಯುವಷ್ಟರಲ್ಲಿ, ಚಂದ್ರನ ಮೇಲೆ ಒತ್ತಿ ಉಜ್ಜಿದರು.

"ನೋ, ನೋ!" ಎಂದು ಆಂಟಿ ಕೂಗಿದರು.

ಚಂದ್ರ ಬಟ್ಟೆಗೆ ಬಂದ. ಕೆಂಪಗೆ.

ಮುದುಕರು ಬಟ್ಟೆಯನ್ನು ಮೂಸಿ ನೋಡಿ ಆಂಟಿಗೆ ಹಿಡಿದರು. ಆಂಟಿ ಮೂಸಿದರು. ನನ್ನ ಕಡೆ ತಿರುಗಿದರು. ನಾನು ಮೂಸಲಿಲ್ಲ, ಮೂಸುವ ಅಗತ್ಯ ಇರಲಿಲ್ಲ. ಆಂಟಿ ಕಾಣುವುದಕ್ಕೆ ಮುಂಚಿನ ವರ್ಷಗಳಲ್ಲಿ ಆ ಉಳಿಗೂ ಪೂಜೆ ಆಗಿತ್ತು. ಹೆಂಡತಿ ವರ್ಷವರ್ಷ ಅದೇ ಜಾಗಕ್ಕೆ ಬೊಟ್ಟು ಇಟ್ಟಿದ್ದಳು. ಎಣ್ಣೆ, ಕೈಬೆವರು, ವಾರ್ನಿಷ್ ಎಲ್ಲ ಕೂಡಿ ಅದು ಅರಗಿನಂತೆ ಗಟ್ಟಿಯಾಗಿತ್ತು. ಒರೆಸಬೇಡಿ ಎಂದು ಅಪ್ಪಣೆ ಕೊಟ್ಟವರೇ ಆಂಟಿ.

ಉಳಿದದ್ದು ಬೆಟ್ಟ ಮಾತ್ರ. ಬೆಟ್ಟದ ಗುರುತು ಒತ್ತಿದ ಕಮ್ಮಾರರು ಊರೂರಿಗೂ ಇದ್ದರು, ಯಾರೆಂದು ಹೇಳಲಾಗದು ಎಂದು ಮುದುಕರು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು. ಕೈ ಒಳ್ಳೆಯ ಕೈ, ಹೆಸರು ಗೊತ್ತಿಲ್ಲ. ಉಳಿಗೆ ಸಾಣೆ ಹಿಡಿದು ಕೊಟ್ಟು, ಡಬ್ಬ ತೆರೆಯಲು ಒಂದು ಹಳೇ ಸ್ಕ್ರೂಡ್ರೈವರನ್ನು ನನಗೆ ಉಡುಗೊರೆಯಾಗಿ ಕೊಟ್ಟರು.

ವಾಪಸು ಬರುವಾಗ ಆಂಟಿ ಸಂಪುಟಗಳ ಮೇಲೆ ಕೈಯಿಟ್ಟು ಹೊರಗೆ ನೋಡುತ್ತಿದ್ದರು. ಒಂದು ಹೆಸರು ಸಾಕು ಎಂದಿದ್ದವರು. ನನಗೆ ಸಂಕಟವಾಗಿ ಹೆದ್ದಾರಿ ಪಕ್ಕದ ಗ್ಯಾಸ್ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲಿಸಿದೆ.

"ಆಂಟಿ, ತಪ್ಪಾಯ್ತು. ಕುಂಕುಮದ ವಿಷಯ ನಾನಾದ್ರೂ ಹೇಳ್ಬೇಕಿತ್ತು."

ಅವರು ನನ್ನ ಕಡೆ ತಿರುಗಿದರು. ತುಟಿ ಅದುರುತ್ತಿತ್ತು. ಅಳುತ್ತಾರೆ ಎಂದುಕೊಂಡೆ.

"ಪಾಯಸಾ ತಿಂದೆನಲ್ರೀ," ಎಂದರು. "ಕಣ್ಮುಂದ ನಿಮ್ಮ ಹೆಂಡ್ತಿ ಟ್ರಕ್ಕಿಗೆ ಕುಂಕುಮ ಹಚ್ಚಲಿಕ್ಕತ್ತಿದ್ಳು. ನಾ ಕೂತು ಪಾಯಸಾ ತಿಂದೆ. ಎರಡು ಸಲ ಹಾಕಿಸಿಕೊಂಡೆ!" ಅಷ್ಟು ಹೇಳಿ ನಗತೊಡಗಿದರು. ಸೀಟ್ ಬೆಲ್ಟ್ ಬಿಚ್ಚಿ ನಕ್ಕರು. ಪಕ್ಕದ ಗಾಡಿಯವನು ಗಾಜು ಇಳಿಸಿ ಎಲ್ಲ ಸರಿಯಿದೆಯೇ ಎಂದು ಕೇಳಿದ. "ಬೇಕು ಬೇಕು ಅನ್ನೋ ಕಣ್ಣು ಬಡಿಗೇರ್ರ! ಫ್ರಿಸ್ಕೋದಾಕಿ ತಾರೀಖು ನೋಡಲಿಲ್ಲ ಅಂತ ಆಡಿಕೊಂಡೆ. ನಾ ಚಂದ್ರಗ ಹೆಂಡ್ತಿ ಮಕ್ಕಳನ್ನಽ ಮಾಡಿಟ್ಟಿದ್ದೆ!"

ಕಾಪೆಲ್ ತಲುಪಿದ ಮೇಲೆ ಮಾಡಿದ ಮೊದಲ ಕೆಲಸ, ಫ್ರಿಸ್ಕೋದ ಆ ಹೆಂಗಸಿಗೆ ಫೋನ್. "ನಿಮ್ಮದು ಕ್ಯಾಲೆಂಡರ್ ಅಂದೆನಲಾ, ಅದು ಈಗೂ ಕ್ಯಾಲೆಂಡರಽ. ಆದ್ರ ನಂದು ಕುಂಕುಮ ಅಂತ ಗೊತ್ತಾತು," ಎಂದು ಕಥೆಯೆಲ್ಲ ಹೇಳಿದರು. ಆ ವರ್ಷ ವರಮಹಾಲಕ್ಷ್ಮಿಗೆ ಕರೆ ಬಂತು.

ಕೆಲವು ವಾರ ಬಿಟ್ಟು ನಮ್ಮಿಬ್ಬರನ್ನೂ ಮನೆಗೆ ಕರೆಸಿದರು. ಎಲ್ಲಕ್ಕಿಂತ ದಪ್ಪನೆಯ ಸಂಪುಟ, ಅದೇ ಏಸಿ ಅಡಿಗೆಂದು ತಂದದ್ದು, ಟೇಬಲ್ ಮೇಲಿತ್ತು. ಅದರ ಕೊನೆಯಲ್ಲಿ ಖಾಲಿ ಬಿಟ್ಟ ಹಾಳೆಯಲ್ಲಿ ಕನ್ನಡದಲ್ಲಿ, ಮಸಿಯಲ್ಲಿ, ಅವರೇ ಒಂದು ನಮೂದು ಬರೆದಿದ್ದರು. ಪುಸ್ತಕದಲ್ಲಿ ಗೀಚುವವರ ಕೈ ಮುರಿಯಬೇಕು ಎನ್ನುತ್ತಿದ್ದವರು. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು:

"ಉಳಿ ಮಾಡಿದವನು. ಹೆಸರು ತಿಳಿಯದು, ಊರು ತಿಳಿಯದು, ಗುರು ತಿಳಿಯದು. ಗುರುತು: ಬೆಟ್ಟ. ಬೆಟ್ಟದ ಕೆಳಗಿನ ಚಂದ್ರನು ನಂತರದ ಸೇರ್ಪಡೆ. ಫ್ಲೂಗರ್‌ವಿಲ್‌ನ ಕಲಾವಿದೆಯ ಕೈ. ಈಗ ಅದೇ ಊರಿನ ಬಡಗಿಯಲ್ಲಿದೆ. ಬಳಕೆಯಲ್ಲಿದೆ."

ಓದಿ ಮುಗಿಸಿ ಭೂತಗನ್ನಡಿಯಿಂದ ನಮ್ಮಿಬ್ಬರನ್ನೂ ನೋಡಿದರು. "ಈ ಪುಸ್ತಕದಾಗ ಸಾವಿರಾರು ಸಾಮಾನು ಅವ. ಎಲ್ಲಾ ಗಾಜಿನ ಪೆಟ್ಟಿಗ್ಯಾಗ ಅವ. 'ಬಳಕೆಯಲ್ಲಿದೆ' ಅಂತ ಇರೋದು ಇದೊಂದಕ್ಕಽ." ಆಮೇಲೆ ಪಾಯಸ ಬಂತು. ತಾವೇ ಮಾಡಿದ್ದರು.

ಅವರು ಹೋದ ಮೇಲೆ ಪುಸ್ತಕಗಳನ್ನು ಆಸ್ಟಿನ್‌ನ ಒಂದು ಲೈಬ್ರರಿ ತೆಗೆದುಕೊಂಡಿತು. ಪೆಟ್ಟಿಗೆ ಮಾಡಿ ಸಾಗಿಸಿದವನು ನಾನೇ. ಅಲ್ಲಿನ ಹುಡುಗಿ ಪುಟ ತಿರುವಿ ನೋಡುತ್ತಾ ಕೊನೆಯ ಹಾಳೆಯಲ್ಲಿ ನಿಂತು, ಇದು ಜಪಾನಿನ ಯಾವ ಕಾಲದ ಲಿಪಿ ಎಂದು ಕೇಳಿದಳು. "ಹುಡುಕಿ ನೋಡಿ, ಅದಕ್ಕೂ ಒಂದು ಪುಸ್ತಕ ಇರಬಹುದು," ಎಂದೆ.

ಈ ಸಲದ ಆಯುಧಪೂಜೆಯಲ್ಲಿ ಡ್ರಿಲ್ಲು, ಗರಗಸ, ಟ್ರಕ್ಕು ಎಲ್ಲ ಮುಗಿಸಿ ಹೆಂಡತಿ ಉಳಿಯ ಮುಂದೆ ಕೂತಳು. ನನ್ನ ಕನ್ನಡಕ ಇಸಿದುಕೊಂಡು ಹಾಕಿಕೊಂಡಳು. ಬೆರಳಿನ ಕುಂಕುಮವನ್ನು ಒಮ್ಮೆ ಒರೆಸಿ ಮತ್ತೆ ಅದ್ದಿದಳು. ಪಾಯಸ ಆರುತ್ತಿತ್ತು.

"ಒಂದು ಬೊಟ್ಟು ಇಡೋಕೆ ಎಷ್ಟು ಹೊತ್ತೇ?"

"ಸುಮ್ನಿರಿ. ಪುಸ್ತಕದಲ್ಲಿ ಬಂದಿರೋಳು ನಾನು. ಹೇಗೆ ಬೇಕಾದ್ರೆ ಹಾಗೆ ಇಡಕ್ಕಾಗುತ್ತಾ?" ಎಂದು, ಉಸಿರು ಬಿಗಿಹಿಡಿದು, ಬೆಟ್ಟದ ಕೆಳಗೆ ಚಂದ್ರನನ್ನು ಕೂರಿಸಿದಳು.